ಸೌದೆ ನಮ್ಮ ಒಲೆಗೆ, ಉಣುಗು ಅವರ ಮೈಗೆ

ದೀಪಾವಳಿ ಮುಗೀತು. ಕೊನೆ ಕೊಯ್ಲು ಶುರುವಾಯ್ತು. ಇನ್ನು ಎರಡು ವಾರದಲ್ಲಿ ನಮ್ಮ ಕಡೆ ಎಲ್ಲರ ಅಂಗಳದಲ್ಲೂ ಅಡಿಕೆ ಬೇಯಿಸೋ ಒಲೆ ಹೊಗೆಯಾಡುತ್ತೆ. ಬೆಳಗಿನ ಚಳಿಗೆ ಬಚ್ಚಲ ಹಂಡೆ ಒಲೆ ಆರೋದೇ ಇಲ್ಲ. ಇದರ ಜೊತೆಗೆ ಮುಂದಿನ ಮಳೆಗಾಲಕ್ಕೆ ಸೌದೆ ಕೊಟ್ಟಿಗೆ ತುಂಬಿಸೋ ಚಿಂತೆ. ಹಾಗಾಗಿ ಈಗ ಎಲ್ಲಿ ನಾಲ್ಕು ಜನ ನಿಂತರೂ ಸೌದೆ ಮಾತೇ.

ಮೊನ್ನೆ ಹಾಲಿನ ಡೈರಿ ಹತ್ರ ಇದೇ ಮಾತು ನಡೀತಿತ್ತು. ನಾನು "ಈ ಸಲ ಸೌದೆಗೆ ಕಳಿಸೋ ಮೊದಲು ಎಣ್ಣೆ ಬಂದಿದೆಯಾ ನೋಡ್ಕೊಳ್ಳಿ" ಅಂದೆ. ಅದಕ್ಕೆ ಒಬ್ಬರು ನಕ್ಕರು. "ಮಂಗನ ಕಾಯಿಲೆಗೆ ಲಸಿಕೆ ಕೊಡೋದೇ ನಿಲ್ಲಿಸಿದಾರಂತಲ್ಲ ಮಾರಾಯ್ರೆ, ಇನ್ನೆಂತ ಕಾಯಿಲೆ?" ಅಂದ್ರು. ಉಳಿದವರು ಹೌದು ಹೌದು ಅಂತ ತಲೆ ಆಡಿಸಿದ್ರು. ಕ್ಯಾನ್ ಹಿಡ್ಕೊಂಡು ನಿಂತಲ್ಲೇ ವಾದ ಮಾಡೋಕೆ ಆಗ್ಲಿಲ್ಲ. ಮನೆಗೆ ಬಂದ ಮೇಲೂ ಆ ನಗು ತಲೆಯಿಂದ ಹೋಗ್ಲಿಲ್ಲ. ಅದಕ್ಕೇ ಇವತ್ತು ಇಷ್ಟುದ್ದ ಬರೀತಿದ್ದೇನೆ. ಕೆಲವರಿಗೆ ಕೋಪ ಬರಬಹುದು, ಬರಲಿ.

ಮೊದಲು ಆ ಲಸಿಕೆ ಮಾತಿಗೆ ಉತ್ತರ. ಲಸಿಕೆ ನಿಲ್ಲಿಸಿದ್ದು ಕಾಯಿಲೆ ಹೋಯ್ತು ಅಂತ ಅಲ್ಲ. 1990ರಿಂದ ನಮಗೆ ಚುಚ್ಚುತ್ತಾ ಬಂದ ಲಸಿಕೆ ಸರಿಯಾಗಿ ಕೆಲಸ ಮಾಡ್ತಾ ಇರಲಿಲ್ಲ ಅಂತ ಅದನ್ನು 2022ರಲ್ಲಿ ನಿಲ್ಲಿಸಿದ್ರು. 2013ರ ಡಿಸೆಂಬರ್‌ನಿಂದ 2014ರ ಏಪ್ರಿಲ್‌ವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಎದ್ದಾಗ ತನಿಖೆ ಮಾಡಿದವರೇ ಬರೆದಿದ್ದಾರೆ, ಲಸಿಕೆ ತಗೊಂಡವರು ಕಡಿಮೆ, ತಗೊಂಡವರಲ್ಲೂ ಅದರ ಫಲ ಕಡಿಮೆ, ಲಸಿಕೆ ಕೊಡದೇ ಬಿಟ್ಟ ಊರುಗಳಿಗೂ ಕಾಯಿಲೆ ಹರಡಿತ್ತು ಅಂತ. ಹೊಸ ಲಸಿಕೆ ತಯಾರಿ ನಡೀತಿದೆ, ಆದ್ರೆ ನಿಮ್ಮ ನನ್ನ ತೋಳಿಗೆ ಇನ್ನೂ ಬಂದಿಲ್ಲ. ಅಂದ್ರೆ ಈಗ ನಮಗೆ ಹಳೇದೂ ಇಲ್ಲ, ಹೊಸದೂ ಇಲ್ಲ. ಬರೀ ಮೈಯಲ್ಲಿ ಕಾಡಿಗೆ ಹೋಗ್ತಿದೀವಿ. ಇದಕ್ಕೆ ಹೆದರಬೇಕೋ ನಗಬೇಕೋ ನೀವೇ ಹೇಳಿ. ಲಸಿಕೆ ನಿಂತ ಮೇಲೆ, 2024ರ ಮೊದಲ ವಾರಗಳಲ್ಲೇ ಹೊಸನಗರ ತಾಲ್ಲೂಕಿನಲ್ಲಿ ಒಂದು ಎಳೆ ಜೀವ ಹೋಯ್ತು. ಅದನ್ನು ಇಷ್ಟು ಬೇಗ ಮರೆತುಬಿಟ್ರಾ?

ಇದು ಎಲ್ಲಿಂದಲೋ ಬಂದ ಕಾಯಿಲೆ ಅಲ್ಲ. ಹೆಸರೇ ನಮ್ಮದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ರಾಶಿ ರಾಶಿ ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿ ಜನಕ್ಕೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆ ಮಾಡಿದ್ರು. ಪ್ರಪಂಚದ ಎಲ್ಲ ವೈದ್ಯಕೀಯ ಪುಸ್ತಕದಲ್ಲೂ ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಹೆಸರು. ಮೊದಲು ಸಾಗರ, ಸೊರಬದಲ್ಲಿ ಮಾತ್ರ ಇತ್ತು. 1982–83ರಲ್ಲಿ ಬೆಳ್ತಂಗಡಿ ಕಡೆ ಕಾಡು ಕಡಿದ ಜಾಗದ ಸುತ್ತ ಎದ್ದು ಒಂದೂವರೆ ಸಾವಿರಕ್ಕೂ ಹೆಚ್ಚು ಜನಕ್ಕೆ ಬಂತು. ಆಮೇಲೆ ಬಂಡೀಪುರ, ವಯನಾಡು, ಗೋವಾದ ಗೇರು ತೋಟ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯ್ತು. 2018ರ ಕೊನೆಗೆ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎದ್ದದ್ದು ನಿಮಗೆ ಗೊತ್ತೇ ಇದೆ. ಆ ಚಳಿಗಾಲದಲ್ಲಿ ಆ ಕಡೆ ನೆಂಟರ ಮನೆಗೆ ಹೋಗೋಕೂ ಜನ ಹೆದರಿದ್ರು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ ಅಂತ ಗೊತ್ತಿದ್ದರೆ ಆ ಹೆದರಿಕೆನೂ ಬೇಕಿರಲಿಲ್ಲ, ಆ ಊರಿನವರಿಗೆ ಆ ಅವಮಾನವೂ ಆಗ್ತಿರಲಿಲ್ಲ.

ಈಗ ನನ್ನದೇ ವಿಷಯ ಹೇಳ್ತೀನಿ. ಇದನ್ನು ಹೇಳದೇ ಉಳಿದವರಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ.

ಕೆಲವು ವರ್ಷದ ಹಿಂದೆ, ಇದೇ ತರ ಅಡಿಕೆ ಬೇಯಿಸೋ ಹೊತ್ತಿಗೆ ನಮ್ಮ ಸೌದೆ ಕೊಟ್ಟಿಗೆ ಅರ್ಧ ಖಾಲಿ. ನಮ್ಮಲ್ಲಿಗೆ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರ್ತಿದ್ದ ಒಬ್ಬ ಹೆಂಗಸಿಗೆ "ನಾಳೆಯಿಂದ ಎರಡು ದಿನ ಬೆಟ್ಟದಿಂದ ಒಣ ಸೌದೆ ತಂದುಬಿಡಮ್ಮ, ಹಾಗೇ ಕೊಟ್ಟಿಗೆಗೆ ನಾಲ್ಕು ಹೊರೆ ದರಗು" ಅಂದೆ. ಅವರು ಇನ್ನೊಬ್ಬರನ್ನು ಕರ್ಕೊಂಡು ಹೋದ್ರು, ತಂದ್ರು. ಒಂದು ವಾರ ಕಳೀತು. ಕೆಲಸಕ್ಕೆ ಬರ್ಲಿಲ್ಲ. ಕೇಳಿದ್ರೆ ಜ್ವರ ಅಂದ್ರು. ನಾನೂ ಚಳಿ ಜ್ವರ ಇರಬೇಕು ಅಂದ್ಕೊಂಡೆ. ಮೂರನೇ ದಿನ ಹೋಗಿ ನೋಡ್ತೀನಿ, ಕಣ್ಣು ಕೆಂಪು ಕೆಂಡ. ತಲೆ ಎತ್ತೋಕೆ ಆಗ್ತಿಲ್ಲ. ವಸಡಲ್ಲಿ ರಕ್ತ. ಜೀಪು ಮಾಡಿಸಿ ಆಸ್ಪತ್ರೆಗೆ ಸೇರಿಸಿದ್ವಿ. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಬಂತು. ಬದುಕಿದ್ರು, ಪುಣ್ಯ. ಆದ್ರೆ ನಾಲ್ಕು ತಿಂಗಳು ಕತ್ತಿ ಹಿಡಿಯೋಕೆ ಆಗ್ಲಿಲ್ಲ. ಎರಡು ಕೊಡ ನೀರು ಹೊತ್ತರೆ ಕೂತ್ಕೊಂಡುಬಿಡೋರು.

ಆಸ್ಪತ್ರೆಯಿಂದ ಬಂದ ಮೇಲೆ ನೋಡೋಕೆ ಹೋದಾಗ ನಾನು "ಎಣ್ಣೆ ಹಚ್ಕೊಂಡಿರಲಿಲ್ವಾ?" ಅಂತ ಕೇಳಿದೆ. ಕೇಳಬಾರದಿತ್ತು. "ಯಾವ ಎಣ್ಣೆ ಅಣ್ಣ?" ಅಂದ್ರು.

ಆಶಾ ಕಾರ್ಯಕರ್ತೆ ತಂದುಕೊಟ್ಟ ಎಣ್ಣೆ ಬಾಟ್ಲಿ ನಮ್ಮನೆ ಚಾವಡಿ ಕಿಟಕಿ ಮೇಲೆ ಇತ್ತು. ಮುಚ್ಚಳ ಕೂಡ ತೆಗೆದಿರಲಿಲ್ಲ. ಕಾಡಿಗೆ ಹೋದವರು ಅವರು, ಎಣ್ಣೆ ಇದ್ದಿದ್ದು ನಮ್ಮನೆ ಕಿಟಕಿಯಲ್ಲಿ. ನಾನೇ ಕಳಿಸಿದ್ದು. ಬಾಟ್ಲಿ ತೆಗೆದು ಕೊಡೋಕೆ ನನಗೆ ಅರ್ಧ ನಿಮಿಷ ಸಾಕಿತ್ತು.

ಅವತ್ತಿನಿಂದ ನನಗೆ ಒಂದು ಮಾತು ಸ್ಪಷ್ಟ ಆಗಿದೆ. ನಾವು ಹಿಡುವಳಿದಾರರು ಮಂಗನ ಕಾಯಿಲೆ ಬಗ್ಗೆ ಮಾತಾಡೋದೆಲ್ಲ ಮಂಗದ ಮೇಲೆ, ಸರ್ಕಾರದ ಮೇಲೆ. ನಮ್ಮ ಒಲೆ ಬಗ್ಗೆ ಮಾತಾಡಲ್ಲ. ಸೌದೆ ಯಾರ ಮನೆಗೆ ಬರುತ್ತೆ? ನಮ್ಮನೆಗೆ. ಅದಕ್ಕೆ ಕಾಡಿಗೆ ಹೋಗೋರು ಯಾರು? ಕೂಲಿಯವರು, ಅದರಲ್ಲೂ ಹೆಂಗಸರು. ಯಾವ ತಿಂಗಳಲ್ಲಿ ಕಳಿಸ್ತೀವಿ? ಉಣುಗು ಅತಿ ಹೆಚ್ಚು ಇರೋ ತಿಂಗಳಲ್ಲೇ. ಈ ಮೂರನ್ನೂ ನಾವೇ ತೀರ್ಮಾನ ಮಾಡೋದು, ಬೆಂಗಳೂರಲ್ಲಿ ಕೂತವರಲ್ಲ.

ತಿಂಗಳ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ, ನಾನು ಹೇಳೋದಕ್ಕೆಲ್ಲ ಇದೇ ಬುಡ. ದೊಡ್ಡ ಉಣುಗು ಮಳೆಗಾಲದಲ್ಲಿ ದನದ ಮೈಮೇಲೆ ರಕ್ತ ಕುಡಿದು, ನೆಲಕ್ಕೆ ಉದುರಿ, ಎಲೆ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಮಳೆ ಹಿಂದಾದ ಮೇಲೆ ಮೊಟ್ಟೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಬರುತ್ತೆ. ಅವು ಇಲಿ, ಹಕ್ಕಿ, ಮಂಗದ ರಕ್ತ ಕುಡಿದು ಬೆಳೀತವೆ. ವೈರಸ್ ಇರೋ ಪ್ರಾಣಿಯ ರಕ್ತ ಕುಡಿದ್ರೆ ಅದು ಉಣುಗಿನ ಮೈಯಲ್ಲೇ ಉಳಿದುಬಿಡುತ್ತೆ. ಅಲ್ಲಿಂದ ಎಳ್ಳು ಕಾಳಿನಷ್ಟು ದೊಡ್ಡದಾದ ಎರಡನೇ ಹಂತದ ಮರಿ ಇದೆಯಲ್ಲ, ಮನುಷ್ಯರಿಗೆ ಹೆಚ್ಚಾಗಿ ಕಚ್ಚೋದು ಅದು. ಅದರ ಕಾಲ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ತಿಂಗಳವರೆಗೆ. ಜನವರಿಯಿಂದ ಏಪ್ರಿಲ್ ಅಂತೂ ಜೋರು. ಒಣ ಎಲೆ ಮೇಲೆ, ಹುಲ್ಲಿನ ತುದಿಯಲ್ಲಿ ಕಾದು ಕೂತಿರುತ್ತೆ. ಕಾಲು ತಾಗಿದ್ರೆ ಹತ್ತಿಬಿಡುತ್ತೆ. ಕಚ್ಚಿದ್ದೂ ಗೊತ್ತಾಗಲ್ಲ.

ನಮ್ಮ ಸೌದೆ ಕಾಲ ಯಾವುದು? ಸುಗ್ಗಿ ಮುಗಿದ ಮೇಲೆ, ಜನ ಬಿಡುವಾದ ಮೇಲೆ, ಶಿವರಾತ್ರಿಯಿಂದ ಯುಗಾದಿ ದಾಟೋವರೆಗೆ. ದರಗು ಗುಡಿಸೋದು ಆಗಲೇ. ಅಡಿಕೆ ಬೇಯಿಸೋಕೆ ಸಾಲದೇ ಬಂದ್ರೆ ನವೆಂಬರ್, ಡಿಸೆಂಬರ್. ಅಂದ್ರೆ ಉಣುಗಿನ ಕಾಲವೂ ನಮ್ಮ ಸೌದೆ ಕಾಲವೂ ಒಂದೇ. ಹಿಂದಿನವರಿಗೆ ಇದು ಗೊತ್ತಿರಲಿಲ್ಲ, ಅವರ ತಪ್ಪಲ್ಲ. ನಮಗೆ ಗೊತ್ತಾಗಿ ಅರುವತ್ತು ವರ್ಷಕ್ಕೂ ಹೆಚ್ಚಾಯ್ತು.

ಇನ್ನು ನೆವಗಳಿಗೆ ಬರೋಣ. ನಮ್ಮಲ್ಲಿ ಇದಕ್ಕೆ ಕೊರತೆ ಇಲ್ಲ.

"ನಮ್ಮ ಬೆಟ್ಟದಲ್ಲಿ ಮಂಗ ಸತ್ತಿಲ್ಲ." ಸತ್ತದ್ದು ನಿಮಗೆ ಕಾಣ್ಲಿಲ್ಲ ಅಂತ ಹೇಳಿ. ಕಾಡೊಳಗೆ ಸತ್ತ ಮುಸ್ಯನ ಹೆಣ ಎಷ್ಟು ದಿನ ಇರುತ್ತೆ? ಮಂಗ ಸತ್ತಾಗ ಅದರ ಮೈಮೇಲಿನ ಉಣುಗೆಲ್ಲ ಅಲ್ಲೇ ಉದುರಿ, ಆ ಜಾಗ ಪೂರ್ತಿ ಅಪಾಯದ ಜಾಗ ಆಗುತ್ತೆ. ಹೆಣ ಹೋದ ಮೇಲೂ ಉಣುಗು ಅಲ್ಲೇ ಇರುತ್ತೆ. ನೀವು ಅಲ್ಲೇ ಸೌದೆ ಹೊರೆ ಕಟ್ಟೋಕೆ ಕೂತಿರ್ತೀರಿ.

"ಚಿಕ್ಕಂದಿನಿಂದ ಹೋಗ್ತಿದೀವಿ, ನಮಗೆ ಏನೂ ಆಗಿಲ್ಲ." ಹೆಲ್ಮೆಟ್ ಇಲ್ಲದೇ ಮೂವತ್ತು ವರ್ಷ ಬೈಕ್ ಓಡಿಸಿದವರೂ ಇದ್ದಾರೆ. ಅವರನ್ನು ನೋಡಿ ಮಗನಿಗೆ ಹೆಲ್ಮೆಟ್ ಬೇಡ ಅಂತೀರಾ? ಕಾಯಿಲೆ ಪ್ರತಿ ವರ್ಷ ಒಂದೇ ಊರಿಗೆ ಬರಲ್ಲ. ಒಂದು ವರ್ಷ ತೀರ್ಥಹಳ್ಳಿ ಕಡೆ, ಇನ್ನೊಂದು ವರ್ಷ ಸಾಗರದ ಕಡೆ. ನಮ್ಮೂರಿಗೆ ಬರೋವರೆಗೂ ಎಲ್ಲರೂ ಧೈರ್ಯವಂತರೇ.

"ಎಣ್ಣೆ ಜಿಡ್ಡು, ಬೆವರಿಗೆ ಆಗಲ್ಲ, ಕೂಲಿಯವರು ಕೇಳಲ್ಲ." ಈ ಮಾತಿಗೆ ನನಗೆ ಸಿಟ್ಟು ಬರುತ್ತೆ. ಕೂಲಿಯವರು ಕೇಳಲ್ಲ ಅಂತ ಹೇಳೋರನ್ನು "ನೀವು ಹೇಳಿದ್ರಾ?" ಅಂತ ಕೇಳಿ ನೋಡಿ. ಎಂಟು ಗಂಟೆಗೆ ಸರಿಯಾಗಿ ಕೆಲಸಕ್ಕೆ ಬರಬೇಕು ಅಂತ ಹೇಳಿದ್ದು ಕೇಳ್ತಾರೆ, ಈ ಮರ ಕಡಿ ಆ ಮರ ಬಿಡು ಅಂದ್ರೆ ಕೇಳ್ತಾರೆ, ಎಣ್ಣೆ ಒಂದು ಮಾತ್ರ ಕೇಳಲ್ವಂತೆ! ನಮ್ಮಲ್ಲಿ ಈಗ ಬೆಳಗಿನ ಚಾ ಕೊಡೋ ಮೊದಲು ಎಣ್ಣೆ ಬಾಟ್ಲಿ ಜಗಲಿಗೆ ಬರುತ್ತೆ. ನಾನೂ ಹಚ್ಕೋತೀನಿ, ಅವರೂ ಹಚ್ಕೋತಾರೆ. ಮೊದಲ ಎರಡು ದಿನ ನಗಾಡಿದ್ರು. ಈಗ ಬಾಟ್ಲಿ ಬರದಿದ್ರೆ ಅವರೇ ಕೇಳ್ತಾರೆ.

"ಮಂಗ ಓಡಿಸಿದ್ರೆ ಸರಿ ಹೋಗುತ್ತೆ." ಮಂಗಗಳು ತೋಟಕ್ಕೆ ಮಾಡೋ ಹಾಳು ನನಗೂ ಗೊತ್ತು, ನನ್ನ ಬಾಳೆ, ಏಲಕ್ಕಿ ಎಲ್ಲ ಅವುಗಳ ಪಾಲೇ. ಆದ್ರೆ ಈ ಕಾಯಿಲೆಯಲ್ಲಿ ಮಂಗ ನಮಗಿಂತ ಮೊದಲು ಸಾಯೋ ಪ್ರಾಣಿ. ಅದು ಸಾಯೋದರಿಂದಲೇ ನಮಗೆ ಮುಂಚಿತವಾಗಿ ಗೊತ್ತಾಗೋದು. ಕಚ್ಚೋದು ಉಣುಗು. ಆ ಉಣುಗನ್ನು ಸಾಕ್ತಿರೋದರಲ್ಲಿ ನಾವು ಬೆಟ್ಟಕ್ಕೆ ಬಿಡೋ ದನಗಳ ಪಾಲು ದೊಡ್ಡದು. ದನಕ್ಕೆ ಈ ಕಾಯಿಲೆ ಬರಲ್ಲ, ಹಾಲಿನಿಂದ ಬರುತ್ತೆ ಅನ್ನೋ ಹೆದರಿಕೆಯೂ ಬೇಡ. ಆದ್ರೆ ಉಣುಗಿಗೆ ಅವು ಊಟದ ಮನೆ. ಪಶು ಆಸ್ಪತ್ರೆಯಲ್ಲಿ ಕೇಳಿ, ಉಣುಗಿಗೆ ಬೆನ್ನ ಮೇಲೆ ಬಿಡೋ ಔಷಧಿ, ಇಂಜೆಕ್ಷನ್ ಎರಡೂ ಇವೆ.

"ಕಾಡಿಗೆ ಬೆಂಕಿ ಕೊಟ್ರೆ ಉಣುಗು ಸಾಯುತ್ತೆ." ಪಕ್ಕದವನ ಸೊಪ್ಪಿನ ಬೆಟ್ಟವೂ ಸಾಯುತ್ತೆ, ಮುಂದಿನ ವರ್ಷದ ಸೊಪ್ಪೂ ಸಾಯುತ್ತೆ, ಮೇಲೆ ಕೇಸೂ ಬೀಳುತ್ತೆ. ಇದನ್ನು ಹೇಳೋರು ಬೆಂಕಿ ಆರಿಸೋಕೆ ಯಾವತ್ತೂ ಬಂದವರಲ್ಲ.

ಕೊನೇದು, "ಸರ್ಕಾರ ಮಾಡ್ಬೇಕು." ಮಾಡ್ಬೇಕು, ಇಲ್ಲ ಅಂದೋರ್ಯಾರು? ನಮ್ಮ ಕಡೆ ಒಂದು ವರ್ಷ ಎಣ್ಣೆ ಬಂದಿದ್ದು ಫೆಬ್ರವರಿಯಲ್ಲಿ. ಅಷ್ಟೊತ್ತಿಗೆ ಅರ್ಧ ಸೌದೆ ಮನೆ ಸೇರಿತ್ತು. ಕೇಳಿದ್ರೆ ಮೇಲಿಂದ ಬಂದಿಲ್ಲ ಅಂತ ಉತ್ತರ. ಎಣ್ಣೆ ಬೇಕಿರೋದು ನವೆಂಬರ್ ಮೊದಲ ವಾರದಲ್ಲಿ. ಮನೆಗೆ ಇಷ್ಟು ಅಂತ ಹಂಚಿದ್ರೆ ಸಾಲದು, ಕಾಡಿಗೆ ಹೋಗೋ ತಲೆ ಲೆಕ್ಕದಲ್ಲಿ ಹಂಚಬೇಕು. ಯಾವ ಊರಲ್ಲಿ ಯಾರ್ಯಾರು ಸೌದೆಗೆ, ದರಗಿಗೆ, ಜೇನಿಗೆ, ಉಪ್ಪಾಗೆಗೆ ಹೋಗ್ತಾರೆ ಅಂತ ಗ್ರಾಮಸಭೆಯಲ್ಲಿ ಒಂದು ಪಟ್ಟಿ ಮಾಡೋಕೆ ಎಷ್ಟು ಹೊತ್ತು ಬೇಕು? ನಾನು ಈ ಸಲ ಗ್ರಾಮಸಭೆಯಲ್ಲಿ ಇದನ್ನೇ ಕೇಳೋನು, ನೀವೂ ನಿಮ್ಮ ಪಂಚಾಯ್ತಿಯಲ್ಲಿ ಕೇಳಿ. ಯುರೋಪಿನಲ್ಲೂ ಇದೇ ಜಾತಿಯ, ಉಣುಗಿನಿಂದ ಬರೋ ಮೆದುಳು ಜ್ವರ ಒಂದಿದೆ. ಅದಕ್ಕೆ ಅಲ್ಲಿ ಒಳ್ಳೆ ಲಸಿಕೆ ಇದೆ, ಆಸ್ಟ್ರಿಯಾದಲ್ಲಿ ಹೆಚ್ಚಿನ ಜನ ಅದನ್ನು ಹಾಕಿಸ್ಕೊಂಡಿದ್ದಾರೆ. ನಮ್ಮ ಕಾಯಿಲೆ ಪತ್ತೆಯಾಗಿ ಇಷ್ಟು ವರ್ಷವಾದರೂ ನಮಗೆ ನಂಬೋ ಹಾಗಿರೋ ಲಸಿಕೆ ಇಲ್ಲ. ಅಲ್ಲಿ ಕಾಡಿಗೆ ತಿರುಗಾಡೋಕೆ ಹೋಗೋರೂ ಲಸಿಕೆ ಕೇಳಿ ಪಡೀತಾರೆ. ಇಲ್ಲಿ ಕಾಡಿಗೆ ಹೋಗೋರು ಹೊರೆ ಹೊರೋರು, ಅವರ ದನಿ ಎಲ್ಲಿಗೂ ಮುಟ್ಟಲ್ಲ. ಮುಟ್ಟಿಸಬೇಕಾದ ನಾವು ಡೈರಿ ಹತ್ರ ನಗಾಡ್ತಾ ನಿಂತಿದ್ದೀವಿ.

ಸರ್ಕಾರವನ್ನು ಬೈಯೋಣ, ತಪ್ಪಿಲ್ಲ. ಆದ್ರೆ ಬೈದು ಮುಗಿಸಿ ಮನೆಗೆ ಬಂದು ಮತ್ತೆ ಫೆಬ್ರವರಿಯಲ್ಲಿ ಹೆಂಗಸರನ್ನು ಬರಿಗಾಲಲ್ಲಿ ದರಗಿಗೆ ಕಳಿಸಿದ್ರೆ ಆ ಬೈಗುಳಕ್ಕೆ ಏನು ಬೆಲೆ?

ಹಾಗಾದ್ರೆ ಏನು ಮಾಡೋದು ಅಂತ ಕೇಳ್ತೀರಿ. ನಾನು ಮಾಡ್ತಿರೋದನ್ನು ಹೇಳ್ತೀನಿ. ಎಲ್ಲ ಸುಲಭ ಅಂತ ಸುಳ್ಳು ಹೇಳಲ್ಲ.

ದೊಡ್ಡ ಬದಲಾವಣೆ ತಿಂಗಳದ್ದು. ಈಗ ನಮ್ಮಲ್ಲಿ ಸೌದೆ ಕಡಿಯೋದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್, ಭೂಮಿ ಹುಣ್ಣಿಮೆ ಆಸುಪಾಸು. ಆಗ ಕಡಿದ ಹಸಿ ಸೌದೆ ಆ ವರ್ಷದ ಅಡಿಕೆ ಬೇಯಿಸೋಕೆ ಬರಲ್ಲ, ನಿಜ. ಅದಕ್ಕೇ ಒಂದು ವರ್ಷ ಮುಂದೆ ಇರಬೇಕು. ಈ ಅಕ್ಟೋಬರ್‌ದು ಚಳಿ, ಬೇಸಿಗೆ ಪೂರ್ತಿ ಸೂರಿನಡಿ ಒಣಗಿ, ಮುಂದಿನ ಮಳೆಗಾಲದ ಬಚ್ಚಲಿಗೂ ಮುಂದಿನ ಚಳಿಯ ಅಡಿಕೆಗೂ ಆಗುತ್ತೆ. ಮೊದಲ ವರ್ಷ ಎರಡು ವರ್ಷದ ಸೌದೆ ಹೊಂದಿಸಬೇಕು, ಅದೊಂದು ಕಷ್ಟ. ನಾನು ಆ ವರ್ಷ ಒಂದು ಲೋಡ್ ದುಡ್ಡು ಕೊಟ್ಟು ಹಾಕಿಸ್ಕೊಂಡೆ. ಆಮೇಲೆ ಲೆಕ್ಕ ಸರಿಯಾಯ್ತು. ಅಕ್ಟೋಬರ್‌ನಲ್ಲಿ ಇಂಬಳ ಕಾಟ ಅಂತ ಗೊಣಗಿದ್ರು. ಇಂಬಳ ಕಚ್ಚಿದ್ರೆ ನಾಲ್ಕು ಹನಿ ರಕ್ತ ಹೋಗುತ್ತೆ, ಜೀವ ಹೋಗಲ್ಲ.

ಎರಡನೇದು ಜಾಗ. ಕಾಡೊಳಗಿನ ಒಣ ಮರಕ್ಕಿಂತ ಮೊದಲು ನಮ್ಮದೇ ಬೇಲಿ ಸಾಲು, ತೋಟದ ಅಂಚು, ಗದ್ದೆ ಬದು ನೋಡಿ. ಗೊಬ್ಬರದ ಗಿಡದ ಕೊಂಬೆ, ಅಕೇಶಿಯಾ, ಸಿಲ್ವರ್ ಓಕ್ ಕೊಂಬೆ, ಬಿದ್ದ ಅಡಿಕೆ ಮರ, ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ, ಎಲ್ಲ ಉರಿಯೋದೇ. ತೋಟದಲ್ಲಿ ಕೊಳೆಯೋಕೆ ಬಿಟ್ಟು ಬೆಟ್ಟಕ್ಕೆ ಯಾಕೆ ಹೋಗ್ತೀವಿ ಅಂತ ನನಗೇ ನಾಚಿಕೆ ಆಯ್ತು. ದೊಡ್ಡ ಮರ ಕಡಿಯೋದಾದ್ರೆ ಮಾತ್ರ ಅರಣ್ಯ ಇಲಾಖೆಯಲ್ಲಿ ಕೇಳಿ, ಸ್ವಂತ ಜಮೀನಾದರೂ ಮರಕ್ಕೆ ಕಾನೂನಿದೆ.

ಮೂರನೇದು ಒಲೆ. ಮೂರು ಕಲ್ಲಿನ ಮೇಲೆ ಹಂಡೆ ಇಟ್ರೆ ಅರ್ಧ ಬೆಂಕಿ ಗಾಳಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ಹೆಸರು ಹಳಬರಿಗೆ ನೆನಪಿರಬೇಕು. ಜಾಲರಿ, ಹೊಗೆ ಕೊಳವೆ ಇಟ್ಟು ಬೆಂಕಿ ಪಾತ್ರೆ ತಳಕ್ಕೆ ತಾಗೋ ಹಾಗೆ ಕಟ್ಟಿದ್ರೆ ಸೌದೆ ಎದ್ದು ಕಾಣೋಷ್ಟು ಉಳಿಯುತ್ತೆ. ಅಡಿಕೆ ಒಲೆಗೂ ಇದೇ ಲೆಕ್ಕ. ಉಳಿದ ಒಂದೊಂದು ಹೊರೆಯೂ ಒಬ್ಬರು ಕಾಡಿಗೆ ಹೋಗೋದು ತಪ್ಪಿದ ಹಾಗೆ.

ನಾಲ್ಕನೇದು ದರಗು. ಕೊಟ್ಟಿಗೆಗೆ ದರಗು ಬಿಟ್ರೆ ಗತಿ ಇಲ್ಲ ಅಂತ ನಾನೂ ಹೇಳ್ತಿದ್ದೆ. ಈಗ ಹಸಿ ಸೊಪ್ಪು, ಭತ್ತದ ಹೊಟ್ಟು, ತೋಟದ ಕಳೆ ಹಾಕ್ತಿದೀವಿ. ದರಗು ತಂದೇ ತರ್ತೀವಿ ಅನ್ನೋರು ಅದನ್ನು ಮನೆ ಗೋಡೆಗೆ ಒರಗಿಸಿ ರಾಶಿ ಹಾಕ್ಬೇಡಿ. 2014ರಲ್ಲಿ ತೀರ್ಥಹಳ್ಳಿ ಕಡೆ ತನಿಖೆ ಮಾಡಿದವರು ಮನೆ ಕಾಂಪೌಂಡಿಗೆ ತಾಗಿದ ಒಣ ಎಲೆ ರಾಶಿಯನ್ನೂ ಅಪಾಯದ ಪಟ್ಟಿಯಲ್ಲಿ ಸೇರಿಸಿದ್ರು. ಕಾಡಿಗೆ ಹೋಗದ ಅಜ್ಜಿಗೂ ಮಗುವಿಗೂ ಬಂತು ಅಂತ ಆಶ್ಚರ್ಯ ಪಡ್ತೀವಲ್ಲ, ಕಾಡನ್ನು ನಾವೇ ಹೊರೆ ಕಟ್ಟಿ ಅಂಗಳಕ್ಕೆ ತಂದಿರ್ತೀವಿ.

ಇಷ್ಟಾದ ಮೇಲೂ ಹೋಗಲೇಬೇಕಾದ ದಿನ ಬರುತ್ತೆ. ಆವತ್ತು ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ, ಮೇಲೆ ಗಂಬೂಟು. ಹೆಂಗಸರು ಸೀರೆ ಒಳಗೆ ಪ್ಯಾಂಟು ಹಾಕ್ಕೊಳ್ಳಲಿ, ಅದರ ಖರ್ಚು ನಾವು ಕೊಡೋಣ. ಡೀಪಾ ಎಣ್ಣೆ ಕೈ, ಕಾಲು, ಕುತ್ತಿಗೆ, ಕಿವಿ ಹಿಂದೆ ಎಲ್ಲ ಹಚ್ಚಬೇಕು, ಬೆವರಿ ಹೋದ್ರೆ ಮಧ್ಯಾಹ್ನ ಮತ್ತೊಂದು ಸಲ. ಕಣ್ಣಿಗೆ, ಗಾಯಕ್ಕೆ ಬೇಡ. ಎಲೆ ಮೇಲೆ ಕೂತು ಊಟ ಮಾಡ್ಬೇಡಿ. ಬಂದ ತಕ್ಷಣ ಬಟ್ಟೆ ಕುದಿಯೋ ನೀರಿಗೆ, ಮೈ ಬಿಸಿ ನೀರು ಸೋಪಿಗೆ. ಕೆಲಸದವರು ಅವರ ಮನೆಗೆ ಹೋಗಿ ಮೀಯಲಿ ಅನ್ನೋದು ಬೇಡ, ನಮ್ಮ ಬಚ್ಚಲ ಹಂಡೆಯಲ್ಲಿ ಕಾಯ್ತಿರೋದು ಅವರು ತಂದ ಸೌದೆಯ ನೀರೇ. ಕಂಕುಳು, ತೊಡೆ ಸಂದಿ, ಮಂಡಿ ಹಿಂದೆ, ಕೂದಲ ಬುಡ ನೋಡ್ಕೋಬೇಕು. ಉಣುಗು ಕಚ್ಚಿಕೊಂಡಿದ್ರೆ ಬೀಡಿ ಬೆಂಕಿ ಇಡೋದು, ಉಗುರಲ್ಲಿ ಹಿಚುಕೋದು ಬೇಡ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದು, ಸೋಪು ಹಾಕಿ ತೊಳೀರಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೇ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ.

ಮೆಷಿನ್ ವಿಷಯ ಎರಡು ಮಾತು. ಈಗ ಎಲ್ಲರ ಮನೆಯಲ್ಲೂ ಮರ ಕೊಯ್ಯೋ ಮೆಷಿನ್ ಇದೆ. ಪಂಚೆ ಉಟ್ಕೊಂಡು, ಹವಾಯಿ ಚಪ್ಪಲಿ ಹಾಕ್ಕೊಂಡು ಅದನ್ನು ಓಡಿಸೋರನ್ನು ನೋಡಿದ್ರೆ ಮೈ ಜುಂ ಅನ್ನುತ್ತೆ. ಪಟ್ಟಿಯ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿದ್ರೆ ಮೆಷಿನ್ ಕಣ್ಣು ಮುಚ್ಚಿ ಬಿಡೋದರೊಳಗೆ ಹಿಂದಕ್ಕೆ, ಮುಖದ ಕಡೆ ಎಗರುತ್ತೆ. ಮುಂದಿನ ಕೈ ಎದುರಿಗಿರೋ ಗಾರ್ಡೇ ಅದರ ಬ್ರೇಕ್, ಅದನ್ನು ಬಿಚ್ಚಿ ಎಸೀಬೇಡಿ. ಹೆಗಲಿಂದ ಮೇಲೆ ಎತ್ತಿ ಕೊಯ್ಯಬೇಡಿ. ಒಣ ಮರದ ಬುಡಕ್ಕೆ ಕೈ ಹಾಕೋ ಮೊದಲು ಮೇಲೆ ನೋಡಿ, ಒಣ ಕೊಂಬೆ ಮೆಷಿನ್ ನಡುಕಕ್ಕೇ ಬೀಳುತ್ತೆ. ಇನ್ನೊಂದು ಮರಕ್ಕೆ ಸಿಕ್ಕಿಕೊಂಡ ಮರದ ಅಡಿಗೆ ಯಾರೂ ಹೋಗಬಾರದು. ಕರೆಂಟ್ ತಂತಿ ಹತ್ರ ಇದ್ರೆ ಮೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸಿ. ಒಬ್ಬರೇ ಅಂತೂ ಹೋಗ್ಲೇಬೇಡಿ. ನಮ್ಮ ಬೆಟ್ಟಗಳಲ್ಲಿ ಫೋನ್ ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ನಿಮಗೇ ಗೊತ್ತು.

ಜ್ವರ ಬಂದ್ರೆ. ಕಾಡಿಗೆ ಹೋಗಿ ಬಂದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆ ಸಿಡಿಯೋ ನೋವು, ಸೊಂಟ ಮೈಕೈ ನೋವು, ಕಣ್ಣು ಕೆಂಪು ಆದ್ರೆ ತಡ ಮಾಡ್ಬೇಡಿ. ಡಾಕ್ಟರ ಹತ್ರ ಮೊದಲ ಮಾತೇ "ಸೌದೆಗೆ ಹೋಗಿದ್ದೆ" ಅಂತಿರಲಿ. ಕಾಡಿಗೆ ಹೋಗಿದ್ದು ಹೇಳಿದ್ರೆ ಫಾರೆಸ್ಟಿನವರು ಕೇಸ್ ಹಾಕ್ತಾರೆ ಅಂತ ಮುಚ್ಚಿಡೋರು ಇದ್ದಾರೆ, ದಯವಿಟ್ಟು ಬೇಡ. ಮೊದಲ ದಿನಗಳಲ್ಲೇ ರಕ್ತ ಕೊಟ್ರೆ ಶಿವಮೊಗ್ಗದ ಪ್ರಯೋಗಾಲಯದಲ್ಲಿ ಗೊತ್ತಾಗುತ್ತೆ. ಈ ಕಾಯಿಲೆಗೆ ಅಂತಲೇ ಬೇರೆ ಔಷಧಿ ಇಲ್ಲ, ಸರಿಯಾದ ಹೊತ್ತಿಗೆ ಡ್ರಿಪ್, ರಕ್ತಸ್ರಾವದ ಮೇಲೆ ನಿಗಾ, ಇವೇ ಜೀವ ಉಳಿಸೋದು. ಅಂಗಡಿಯಿಂದ ನೋವಿನ ಮಾತ್ರೆ ನುಂಗಬೇಡಿ, ಕೆಲವು ಮಾತ್ರೆ ರಕ್ತ ಸೋರೋದನ್ನು ಇನ್ನೂ ಜಾಸ್ತಿ ಮಾಡ್ತವೆ. ಜ್ವರ ಬಿಟ್ಟ ಮೇಲೆ ಕೆಲವರಿಗೆ ಒಂದೆರಡು ವಾರದಲ್ಲಿ ಮತ್ತೆ ಬರುತ್ತೆ, ಆಗ ತಲೆಗೆ ಏರುತ್ತೆ, ಕೈಕಾಲು ನಡುಗುತ್ತೆ, ಮಾತು ತಪ್ಪುತ್ತೆ. ಹಾಗಾಗಿ ಜ್ವರ ಬಿಟ್ಟ ಮೂರನೇ ದಿನಕ್ಕೇ "ಕೆಲಸಕ್ಕೆ ಯಾವಾಗ ಬರ್ತೀಯಮ್ಮ" ಅಂತ ಕೇಳೋಕೆ ಹೋಗ್ಬೇಡಿ.

ಇನ್ನೊಂದು ಮಾತು, ಇದು ಹಲವರಿಗೆ ಇಷ್ಟ ಆಗಲ್ಲ ಅಂತ ಗೊತ್ತು. ನಮ್ಮ ಸೌದೆಗೆ ಹೋಗಿ ಜ್ವರ ಬಂದವರ ಕೂಲಿ ನಿಲ್ಲಿಸಬಾರದು. ನಾಲ್ಕು ತಿಂಗಳದ್ದು ಪೂರ್ತಿ ಕೊಡೋ ಶಕ್ತಿ ನನಗೂ ಇರಲಿಲ್ಲ. ಅರ್ಧ ಕೊಟ್ಟೆ, ಅಕ್ಕಿ ಕೊಟ್ಟೆ. ಅದು ಸಾಲ್ತು ಅಂತ ನಾನು ಹೇಳಲ್ಲ. ಅಡಿಕೆ ಕ್ವಿಂಟಾಲಿಗೆ ಎಷ್ಟಾಯ್ತು ಅಂತ ದಿನಕ್ಕೆ ಮೂರು ಸಲ ಫೋನ್ ನೋಡೋ ನಾವು, ಅದನ್ನು ಬೇಯಿಸಿದ ಸೌದೆ ತಂದವರು ಜ್ವರದಲ್ಲಿ ಮಲಗಿದಾಗ ಕೈ ಕಟ್ಟಿ ಕೂತ್ರೆ ಅದು ಸರಿಯಲ್ಲ.

ಆ ಹೆಂಗಸು ಈಗಲೂ ನಮ್ಮಲ್ಲಿಗೆ ಬರ್ತಾರೆ. ಬೆಟ್ಟಕ್ಕೆ ಹೋಗಲ್ಲ, ನಾನೂ ಕಳಿಸಲ್ಲ. ಅಡಿಕೆ ಸುಲಿಯೋಕೆ, ತೋಟದ ಕೆಲಸಕ್ಕೆ ಬರ್ತಾರೆ. ಒಂದು ದಿನವೂ ನನ್ನ ಮೇಲೆ ದೂರು ಹೇಳಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರ ಆಗ್ತಿತ್ತೋ ಏನೋ.

ಇದನ್ನು ಓದಿದವರು ಒಂದು ಕೆಲಸ ಮಾಡಿ. ಈಗಲೇ ಎದ್ದು ನಿಮ್ಮನೆ ಕಿಟಕಿ, ಮಾಡು, ದೇವರ ಕೋಣೆ ಕಪಾಟು ಹುಡುಕಿ. ಹೋದ ವರ್ಷದ ಎಣ್ಣೆ ಬಾಟ್ಲಿ ಇದ್ರೆ ತಾರೀಕು ನೋಡಿ, ಸರಿ ಇದ್ರೆ ಜಗಲಿ ಮೇಲೆ ತಂದಿಡಿ. ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ ಕೇಳಿ. ಎಣ್ಣೆ ಕೈಗೆ ಬರೋವರೆಗೆ ಯಾರನ್ನೂ ಸೌದೆಗೆ ಕಳಿಸಬೇಡಿ. ಎರಡು ದಿನ ಒಲೆ ತಡವಾದ್ರೆ ಅಡಿಕೆ ಏನೂ ಓಡಿಹೋಗಲ್ಲ.